ಒಬ್ಬಳಿಗೆ ಮಾಡಿದ ಮೀನುಸಾರು

ಬಂಗಡೆ ಸಾರಿಗೆ ಉಪ್ಪು ಹಾಕಿದ ಮೇಲೆ ಕುಸುಮಾವತಿ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಸರಿಯಾಗಿದೆ ಎನಿಸಿತು. ಒಲೆಯ ಕೊಳ್ಳಿಯನ್ನು ತುಸು ಹಿಂದಕ್ಕೆ ಎಳೆದು, ಕೈ ತೊಳೆದು, ಮತ್ತೆ ಬಂದು ಇನ್ನೊಂದು ಹನಿ ನೆಕ್ಕಿದಳು. ಈಗ ಹೆಚ್ಚಾಯಿತೇನೋ ಎನಿಸಿತು. ಉಪ್ಪಿನ ವಿಷಯದಲ್ಲಿ ಅವಳಿಗೆ ತನ್ನ ನಾಲಗೆಯ ಮೇಲೆ ನಂಬಿಕೆ ಹೋಗಿ ಬಹಳ ಕಾಲವಾಗಿತ್ತು.

ಆ ನಂಬಿಕೆಯನ್ನು ಕಿತ್ತವನು ಗಂಡ ಚಂದಯ್ಯ. ಬ್ರಹ್ಮಾವರದ ಅವನ ಮನೆಯಲ್ಲಿ ಊಟದ ಮೊದಲ ತುತ್ತು ಅವನ ಬಾಯಿಗೆ ಹೋಗುವಾಗ ಎಲ್ಲರೂ ಅವನ ಮುಖ ನೋಡುತ್ತಿದ್ದರು. ಉಪ್ಪು ಹೆಚ್ಚೆಂದರೆ ಎಲೆ ಗೋಡೆಗೆ ಹೋಗುತ್ತಿತ್ತು, ಕಡಿಮೆಯೆಂದರೆ ಸಟ್ಟುಗ ಅವಳ ಬೆನ್ನಿಗೆ ಬರುತ್ತಿತ್ತು. ಒಂದು ಸಲ ಕಂಚಿನ ಚೆಂಬು ಬಂದು ಅವಳ ಎದುರಿನ ಒಂದು ಹಲ್ಲು ಹೋಯಿತು. ಕೊನೆಯ ಸಲ ಅವನು ಅವಳ ಎಡಗೈಯನ್ನು ಮಣಿಕಟ್ಟಿನವರೆಗೆ ಕುದಿಯುವ ಗಂಜಿಯಲ್ಲಿ ಅದ್ದಿ ಹಿಡಿದ. ಆ ಸಂಜೆ ಅವಳು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಹೊರಟು, ಕುಂದಾಪುರದಲ್ಲಿ ದೋಣಿ ಹತ್ತಿ ಗಂಗೊಳ್ಳಿಗೆ ದಾಟಿ, ಯಡ್ತರೆಯ ತಾಯಿಮನೆ ಸೇರಿದ್ದಳು. ದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಕೈಯ ಉರಿಗಿಂತ ಹೆಚ್ಚಾಗಿ ಒಂದೇ ಯೋಚನೆ: ಆ ದಿನ ನಿಜವಾಗಿಯೂ ಉಪ್ಪು ಹೆಚ್ಚಾಗಿತ್ತೇ?

ತಾಯಿಮನೆಯ ಯಜಮಾನ ಗುಡ್ಡಯ್ಯ ಅವಳ ಸೋದರಮಾವ, ತಾಯಿಯ ಅಣ್ಣ. ಅವನು ಅವಳನ್ನು ದೊಡ್ಡ ಮನೆಯಲ್ಲಿ ಇರಿಸಿಕೊಳ್ಳಲಿಲ್ಲ. ಗದ್ದೆಯಾಚೆಯ, ಹುಲ್ಲು ಹೊದಿಸಿದ ಮಾಡಿನ ಬಿಡಾರವೊಂದನ್ನು ತೋರಿಸಿದ. ಮೊದಲಲ್ಲಿ ಅವಳು ಅಲ್ಲಿ ಒಲೆಯ ಪಕ್ಕ ನಿಂತುಕೊಂಡೇ ಗಂಜಿ ಕುಡಿದು ಮುಗಿಸುತ್ತಿದ್ದಳು. ಕುಳಿತರೆ ಯಾರಾದರೂ ಹಿಂದಿನಿಂದ ಹೊಡೆದಾರು ಎಂಬ ಭಯ. ಯುದ್ಧದ ಕಾಲ, ಅಕ್ಕಿಗೆ ರೇಷನ್ ಚೀಟಿ, ಅದರಲ್ಲಿ ಅರ್ಧ ಕಲ್ಲು. ಹೀಗಿರುವಾಗ ಒಬ್ಬಳ ಹೊಟ್ಟೆಗೆ ಕಾಯಿ ತುರಿದು ಮಸಾಲೆ ಕಡೆಯುವುದು ಪಾಪವೇ ಇರಬೇಕು ಎಂದುಕೊಂಡಿದ್ದಳು.

ಪಡುವರಿಯಿಂದ ಮೀನು ಹೊತ್ತು ತರುವ ಬೇಬಿ ಒಂದು ದಿನ ಬುಟ್ಟಿ ಇಳಿಸಿ ಬೈದಿದ್ದಳು.

"ಅಮ್ಮ, ಒಬ್ರೇ ಅಂದೇಳಿ ಹೊಟ್ಟಿ ಬ್ಯಾರೆ ಆತ್ತಾ? ನಾಯಿಗೆ ಹಾಕ್ದಾಂಗೆ ನಿಮ್ಗೆ ನೀವೇ ಹಾಕಂತ್ರಿ. ಎರ್ಡ್ ಬಂಗ್ಡಿ ತಕಣಿ. ಕೂಕಂಡ್ ಉಣ್ಣಿ."

ಅಂದಿನಿಂದ ಅವಳು ಕಲಿತಳು. ಅರ್ಧ ಕಾಯಿ ಇಂದಿಗೆ, ಉಳಿದ ಅರ್ಧದ ಮೈಗೆ ಉಪ್ಪು ಸವರಿ ನಾಳೆಗೆ. ಒಂದು ಮೀನು ಸಾರಿಗೆ, ಇನ್ನೊಂದಕ್ಕೆ ಅರಿಶಿನ, ಮೆಣಸು ಹಚ್ಚಿ ಕಾವಲಿಗೆ. ಉಳಿದ ಸಾರನ್ನು ಮಣ್ಣಿನ ಅಳಗೆಯಲ್ಲೇ ಬತ್ತಿಸಿಟ್ಟರೆ ಬೆಳಗಿನ ಗಂಜಿಗೆ ಅದಕ್ಕಿಂತ ರುಚಿ ಬೇರೊಂದಿಲ್ಲ. ಮಧ್ಯಾಹ್ನ ಹಿತ್ತಿಲಿನಿಂದ ಒಂದು ಬಾಳೆಯ ಕುಡಿ ತಂದು, ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಬಿಸಿಬಿಸಿಯಾಗಿ ಉಣ್ಣುತ್ತಿದ್ದಳು. ಮದುವೆಯಾದ ಮೇಲೆ ಅವಳು ಬಿಸಿ ಅನ್ನ ಉಂಡದ್ದು ಇಲ್ಲಿಯೇ.

ಈ ದಿನವೂ ಹಾಗೆಯೇ ಎಲೆ ತರಲು ಹೊರಟವಳಿಗೆ ಬೇಬಿ ಹಿತ್ತಿಲ ಬೇಲಿ ದಾಟಿ ಓಡಿಬರುವುದು ಕಂಡಿತು. ಬುಟ್ಟಿ ತಲೆಯ ಮೇಲಿರಲಿಲ್ಲ, ಸೊಂಟದಲ್ಲಿತ್ತು.

"ಅಮ್ಮ, ನಿಮ್ಮವ್ರ್ ಬತ್ತಾ ಇದ್ರ್! ಇದ್ಲ್ ಉರ್ಸಿ ಓಡು ಬಸ್ಸಿಂದ ಇಳ್ದದ್ದ್ ನಾನೇ ಕಂಡೆ. ನಿಮ್ಮ್ ಮಾವನೂ ಒಟ್ಟಿಗಿದ್ರ್."

"ಎಂತಕ್ಕಂಬ್ರ್?"

"ಉಂಬುಕೆ ಅಂಬ್ರ್!" ಬೇಬಿ ಬೇಲಿಯತ್ತ ಉಗಿದಳು. "ಬನ್ನಿ, ನಮ್ಮನಿಗೆ ಹೋಪ. ಬ್ಯಾಗ ಬನ್ನಿ."

ಕುಸುಮಾವತಿ ಒಳಗೆ ನೋಡಿದಳು. "ಸಾರ್ ಕುದೀತಾ ಇತ್ತಲೆ" ಎಂದಳು. ಹೇಳಿದ ಮೇಲೆ ಅವಳಿಗೇ ಅದು ಹುಚ್ಚು ಮಾತು ಎನಿಸಿತು. ಆದರೂ ಕಾಲು ಮುಂದೆ ಹೋಗಲಿಲ್ಲ.

ಗಂಡ ಹೀಗೆ 'ಉಂಬುಕೆ', ಉಣ್ಣಲು, ಬರುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ತಾಯಿಯ ಮನೆತನದಲ್ಲಿ ಬಿಟ್ಟು ಬಂದ ಹೆಂಗಸಿನ ಸಂಬಂಧ ಮತ್ತೆ ಕೂಡಲು ಪಂಚಾಯಿತಿ ಬೇಕಾಗಿರಲಿಲ್ಲ. ಯಜಮಾನನ ಕಣ್ಣೆದುರು ಗಂಡನಿಗೆ ಎಲೆ ಹಾಕಿ ಅವಳು ತನ್ನ ಕೈಯಿಂದ ಒಂದು ಸಟ್ಟುಗ ಅನ್ನ ಬಡಿಸಿದರೆ ಮುಗಿಯಿತು. ಅವತ್ತೇ ಅವನ ಹಿಂದೆ ಹೊರಡಬೇಕು. ಅದಕ್ಕೆ ಇನ್ನೊಂದು ಮಗ್ಗುಲೂ ಇತ್ತು. ತಾಯಿಮನೆಯ ಹಿರಿಯಳಾಗಿದ್ದು ಸತ್ತುಹೋದ ತುಂಗಜ್ಜಿ ಅವಳ ತಲೆ ಬಾಚುತ್ತಾ ಒಮ್ಮೆ ಹೇಳಿದ್ದಳು: ಗಂಡನಿಗೆಂದು ಹಾಕಿದ ಎಲೆಯಲ್ಲಿ ಹೆಂಗಸೇ ಮೊದಲು ಕುಳಿತು ಉಂಡರೆ ಋಣ ಹರಿಯಿತು, ಆಮೇಲೆ ಯಾವ ಯಜಮಾನನೂ ಆ ಸಂಬಂಧವನ್ನು ಕೂಡಿಸುವಂತಿಲ್ಲ. ಹಾಗೆ ಮಾಡಿದವರನ್ನು ಯಾರೂ ಕಂಡಿರಲಿಲ್ಲ. ಅಜ್ಜಿ ನಿಜ ಹೇಳಿದ್ದಳೋ, ತಾನೇ ತಪ್ಪಾಗಿ ನೆನಪಿಟ್ಟುಕೊಂಡಿದ್ದಳೋ ಕುಸುಮಾವತಿಗೆ ಖಾತ್ರಿ ಇರಲಿಲ್ಲ.

ಅಂಗಳದಲ್ಲಿ ಕೆಮ್ಮು ಕೇಳಿಸಿತು. ಬೇಬಿ ಬಾವಿಯ ಮರೆಗೆ ಸರಿದಳು.

ಗುಡ್ಡಯ್ಯ ಜಗಲಿ ಏರಿ ಕಂಬಕ್ಕೆ ಒರಗಿ ಕುಳಿತ. ಹಿಂದೆ ಬಂದ ಚಂದಯ್ಯ ಕೊಡೆಯನ್ನು ಗೋಡೆಗೆ ಒರಗಿಸಿ ಮೂಗು ಅರಳಿಸಿದ.

"ಎಂತ ಘಮ ಮಾರ್ರೆ! ಒಬ್ಳ್ ಉಂಬುಕೆ ಇಷ್ಟ್ ವೈಭವ?"

"ಕುಸುಮ" ಎಂದ ಗುಡ್ಡಯ್ಯ, ಅವಳ ಮುಖ ನೋಡದೆ. "ಒಂದ್ ಎಲಿ ಹಾಕ್. ನನ್ನೆದ್ರಿಗೆ ಒಂದ್ ಸಟ್ಗ ಬಡ್ಸ್. ಮನಿಯಲ್ಲಿ ಇನ್ನೂ ಹೆಣ್ಮಕ್ಳ್ ಇದ್ರ್. ನೀನ್ ಹೀಂಗೆ ಕೂಕಂಡ್ರೆ ಅವ್ಕೆ ಸಂಬಂಧ ಬಪ್ಪುದಿಲ್ಲ."

"ಒಬ್ಳಿಗೇ ಮಾಡದ್ದ್, ಮಾವ."

"ಬಡ್ಸ್‌ದಿದ್ರೆ ಈ ಬಿಡಾರದ ಬಾಗ್ಲ್ ಇವತ್ತೇ ಹಾಕ್ತೆ. ಮತ್ತೆ ನಿನ್ ದಾರಿ ನಿಂಗೆ."

"ನೀವ್ ಕೂಕಣಿ, ಮಾವ. ನಾನ್ ಮಾತಾಡ್ತೆ" ಎಂದು ಚಂದಯ್ಯ ತಲೆ ತಗ್ಗಿಸಿ ಅಡುಗೆಮನೆಯ ಒಳಗೆ ಬಂದ. ಅವಳು ಹಿಂದೆ ಹಿಂದೆ ಸರಿದು ಕಡೆಯುವ ಕಲ್ಲಿಗೆ ತಾಗಿ ನಿಂತಳು. ಅವನು ಒಲೆ ನೋಡಿದ, ಕಲ್ಲಿನ ಮೇಲೆ ಉಳಿದಿದ್ದ ಕೆಂಪು ಮಸಾಲೆ ನೋಡಿದ, ಕಾವಲಿಯ ಮೇಲಿನ ಮೀನು ನೋಡಿದ. ಮೆಲ್ಲಗೆ ಕೇಳಿದ.

"ಯಾರಿಗೆ ಬೇಯ್ಸದ್ ಇದ್?"

"ನಂಗೆ."

ಕೆನ್ನೆಗೆ ಬಿದ್ದ ಪೆಟ್ಟಿಗೆ ಅವಳ ತಲೆ ಗೋಡೆಗೆ ಬಡಿಯಿತು.

"ಯಾರಿಗೆ ಅಂದೆ. ಹೆಂಗ್ಸ್ ಒಬ್ಳೇ ಕೂಕಂಡ್ ಮಸಾಲಿ ಕಡೂದ್ ನಾನ್ ಕಂಡದ್ದಿಲ್ಲ. ಯಾವನ್ ಬತ್ತ?"

"ನಂಗೇ."

ಅವನು ಜಡೆ ಹಿಡಿದು ಅವಳ ಮುಖವನ್ನು ಕಡೆಯುವ ಕಲ್ಲಿಗೆ ಒತ್ತಿದ. ಮೆಣಸಿನ ಮಸಾಲೆ ಕಣ್ಣಿಗೂ ಮೂಗಿಗೂ ಹೊಕ್ಕಿತು. ಉಸಿರು ಎಳೆದರೆ ಬೆಂಕಿ. ಅವಳು ಕೈ ಬೀಸಿದಳು, ಏನೂ ಸಿಗಲಿಲ್ಲ. ತುಟಿ ಹರಿದು ಕಲ್ಲಿನ ಕೆಂಪಿಗೆ ರಕ್ತದ ಕೆಂಪು ಸೇರಿತು. ಅವನು ಬೆನ್ನಿಗೆ ಮಂಡಿ ಊರಿ, ತಲೆ ಎತ್ತಿ ಮತ್ತೆ ಒತ್ತಿದ. ಜಗಲಿಯಲ್ಲಿ ಗುಡ್ಡಯ್ಯ ಎಲೆಯಡಿಕೆಯ ಚೀಲ ಬಿಚ್ಚುವ ಸದ್ದು, ಅಡಿಕೆ ಕತ್ತರಿಸುವ ಸದ್ದು ಕೇಳಿಸುತ್ತಿತ್ತು. "ಮಾವ" ಎಂದು ಕೂಗಿದಳು. ಕತ್ತರಿಸುವ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

ಆ ಸದ್ದು ಮತ್ತೆ ಶುರುವಾದಾಗ ಕುಸುಮಾವತಿಯ ಒಳಗೆ ಏನೋ ತಣ್ಣಗಾಯಿತು. ಇಷ್ಟು ದಿನ ಯಾರಾದರೂ ಬಂದು ನ್ಯಾಯ ಹೇಳಿಯಾರು ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಕಾದಿದ್ದಳು. ಇನ್ನು ಕಾಯುವ ಕೆಲಸವಿರಲಿಲ್ಲ.

"ಬಿಡಿ" ಎಂದಳು. "ಎಲಿ ಹಾಕ್ತೆ."

ಚಂದಯ್ಯ ಜಡೆ ಬಿಟ್ಟು ನಕ್ಕ. "ಮಾವ, ಎಲಿ ಹಾಕ್ತ್ ಅಂಬ್ರ್! ನಾನ್ ಹೇಳದ್ದಲ್ದಾ, ಇದಕ್ಕೆ ಪೆಟ್ಟಿನ್ ಭಾಷಿ ಮಾತ್ರ ತಿಳೂದ್."

ಅವಳು ಮುಖಕ್ಕೆ ನೀರು ಹಾಕಿಕೊಂಡಳು. ಕಣ್ಣು ಅರ್ಧವಷ್ಟೇ ತೆರೆಯುತ್ತಿತ್ತು. ಹಿತ್ತಿಲಿಗೆ ಹೋಗಿ ಒಂದು ಕುಡಿಬಾಳೆ ಕೊಯ್ದಳು. ಬಾವಿಯ ಹಿಂದಿನಿಂದ ಬೇಬಿ ಕೈಸನ್ನೆಯಲ್ಲಿ ಓಡು ಓಡು ಎನ್ನುತ್ತಿದ್ದಳು. ಕುಸುಮಾವತಿ ಇಲ್ಲವೆಂದು ತಲೆಯಾಡಿಸಿ ಒಳಗೆ ಬಂದಳು. ಜಗಲಿಯಲ್ಲಿ ಎಲೆ ಹಾಕಿ ನೀರು ಚಿಮುಕಿಸಿ ಒರೆಸಿದಳು. ಅನ್ನದ ಅಳಗೆ ತಂದಿಟ್ಟಳು, ಸಾರು ತಂದಿಟ್ಟಳು, ಕಾವಲಿಯನ್ನೇ ಎತ್ತಿ ತಂದಿಟ್ಟಳು. ಕಂಚಿನ ಚೆಂಬಿನಲ್ಲಿ ನೀರು ಕೊಟ್ಟು, "ಇದ್ ನಿಮ್ಮೆಲಿ. ಕೈಕಾಲ್ ತೊಳ್ಕಂಡ್ ಬನ್ನಿ" ಎಂದಳು.

ಚಂದಯ್ಯ ಗೆದ್ದವನ ಹಾಗೆ ಅಂಗಳಕ್ಕೆ ಇಳಿದ. ನಿಧಾನವಾಗಿ ಕಾಲು ತೊಳೆದ, ಬಾಯಿ ಮುಕ್ಕಳಿಸಿದ, ಗಂಟಲು ಕೆರೆದು ಉಗಿದ. ಅವನ ಬೆನ್ನು ಈ ಕಡೆ ಇತ್ತು.

ಕುಸುಮಾವತಿ ಎಲೆಯ ಮುಂದೆ ಕುಳಿತಳು.

"ಕುಸುಮ! ಎಂತ ಮಾಡ್ತೆ?" ಗುಡ್ಡಯ್ಯನ ಬಾಯಿಯ ತಾಂಬೂಲ ತುಟಿಗೆ ಬಂತು.

"ಉಣ್ತೆ, ಮಾವ."

ಅವಳು ಕೆಂಪಕ್ಕಿ ಅನ್ನ ಬಡಿಸಿಕೊಂಡಳು. ನಡುವೆ ಗುಂಡಿ ಮಾಡಿ ಸಾರು ಸುರಿದುಕೊಂಡಳು. ಸಾರು ಎಲೆಯ ಅಂಚಿಗೆ ಹರಿಯಿತು. ಮೊದಲ ತುತ್ತು ತುಟಿಗೆ ತಾಗಿದಾಗ ಕಣ್ಣಲ್ಲಿ ನೀರು ಬಂತು. ಅಗಿದಳು, ನುಂಗಿದಳು. ಎರಡನೆಯ ತುತ್ತಿಗೆ ಮೀನಿನ ಬೆನ್ನಿನ ಮಾಂಸ ಬಿಡಿಸಿಕೊಂಡಳು.

ಚಂದಯ್ಯ ತಿರುಗಿ ನೋಡಿದ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ಚೆಂಬು ಎಸೆದ; ಅದು ಅವಳ ಭುಜಕ್ಕೆ ಬಡಿದು ಉರುಳಿತು. ಜಗಲಿಗೆ ಹಾರಿ ಪಕ್ಕೆಗೆ ಒದ್ದ. ಅವಳು ಬಗ್ಗಿದಳು, ಎಲೆ ಬಿಡಲಿಲ್ಲ. ಎಲೆಯ ಮೇಲೆ ಮೈ ಚಾಚಿ ಇನ್ನೊಂದು ತುತ್ತು ಬಾಯಿಗೆ ತುರುಕಿಕೊಂಡಳು. ಅವನು ಕೂದಲು ಹಿಡಿದು ಹಿಂದಕ್ಕೆ ಎಳೆದು ಕುತ್ತಿಗೆ ಹಿಸುಕಿದ. ಅವನ ಬೆರಳ ಕೆಳಗೆ ಅವಳು ನುಂಗಿದಳು.

ಆಗ ಗುಡ್ಡಯ್ಯ ಎದ್ದ. "ಚಂದಯ್ಯ, ಸಾಕ್. ಎಲಿ ಎಂಜಲಾಯ್ತ್. ಇನ್ ನನ್ ಕೈಯಲ್ಲೂ ಆತಿಲ್ಲ."

"ನಿಮ್ ಎಲಿ, ನಿಮ್ ಎಂಜಲ್!" ಚಂದಯ್ಯ ಅವನ ಎದೆಗೆ ಕೈಹಾಕಿ ದೂಡಿದ. ಮುದುಕ ಜಗಲಿಯಿಂದ ಅಂಗಳಕ್ಕೆ ಮಗುಚಿ ಬಿದ್ದ. ಎಲೆಯಡಿಕೆಯೆಲ್ಲ ಚೆಲ್ಲಿತು. "ಈ ಬಿಡಾರ ಇದ್ರೆ ಅಲ್ದಾ ಇವ್ಳ್ ಒಬ್ಳೇ ಕೂಕಂಡ್ ಉಂಬುದ್? ಸುಟ್ಟೇ ಹಾಕ್ತೆ!"

ಅವನು ಒಳಗೆ ನುಗ್ಗಿ ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡು ಬಂದ. ಬೇಸಿಗೆಯ ಹುಲ್ಲಿನ ಮಾಡು ಕೈಗೆ ನಿಲುಕುವಷ್ಟು ತಗ್ಗಿನಲ್ಲಿತ್ತು. ಅವನು ಕೊಳ್ಳಿ ಎತ್ತಿದ.

ಬಾಗಿಲ ಸಂದಿಯಲ್ಲಿ ಒನಕೆ ಇತ್ತು. ಕುಸುಮಾವತಿ ಅದನ್ನು ಸುಟ್ಟ ಎಡಗೈ, ಸುಡದ ಬಲಗೈ ಎರಡರಲ್ಲೂ ಹಿಡಿದು, ಭತ್ತ ಕುಟ್ಟುವವಳ ಹಾಗೆ ಉಸಿರು ಕಟ್ಟಿ, ಅವನ ಮೊಣಕಾಲಿಗೆ ಬೀಸಿದಳು. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಅವನು ಕೂಗುವ ಮೊದಲೇ ಕೊಳ್ಳಿ ಹಿಡಿದ ಕೈಗೆ ಇನ್ನೊಂದು ಬಿತ್ತು. ಕೊಳ್ಳಿ ಅಂಗಳಕ್ಕೆ ಹಾರಿತು. ಅವನು ಅದರ ಪಕ್ಕದಲ್ಲೇ ಬಿದ್ದು, ಕಾಲು ತಬ್ಬಿಕೊಂಡು ಅರಚಿದ. ಅವಳು ಮೆಟ್ಟಿಲಿಳಿದು ಒನಕೆಯನ್ನು ಮೂರನೆಯ ಸಲ ಎತ್ತಿದಳು, ಈ ಸಲ ಅವನ ತಲೆಯ ಮೇಲೆ. ಅವನು ಕೈ ಅಡ್ಡ ಹಿಡಿದು ಕಣ್ಣು ಮುಚ್ಚಿದ.

ಬಾವಿಯ ಕಡೆಯಿಂದ ಬೇಬಿ ಕಿರುಚಿದಳು. "ಅಮ್ಮ, ಅನ್ನ ತಣೀತಾ ಇತ್ತ್!"

ಒನಕೆ ಹಾಗೆಯೇ ಗಾಳಿಯಲ್ಲಿ ನಿಂತಿತು. ಕುಸುಮಾವತಿ ಕೆಳಗೆ ಬಿದ್ದವನನ್ನು ನೋಡಿದಳು. ಆಮೇಲೆ ಒನಕೆಯ ತುದಿಯಿಂದ ಕೊಳ್ಳಿಯನ್ನು ಮಣ್ಣಿಗೆ ಒತ್ತಿ ಆರಿಸಿದಳು.

ಚಂದಯ್ಯನನ್ನು ಗದ್ದೆಯಲ್ಲಿದ್ದ ಒಕ್ಕಲು ಆಳುಗಳು ಬಂದು ಹೊತ್ತುಕೊಂಡು ಹೋದರು. ಗುಡ್ಡಯ್ಯ ಸೊಂಟ ಹಿಡಿದುಕೊಂಡು ಜಗಲಿಯ ಅಂಚಿಗೆ ಬಂದು ಕುಳಿತ. ಮೈಯ ಮಣ್ಣು ಕೊಡವಿಕೊಂಡ. ಕೊನೆಗೆ, "ಮುಗೀತ್ ಬಿಡ್. ಋಣ ಹರೀತ್. ನಾಳೆ ಅವ್ರ್ ಮನಿಗೆ ಹೇಳಿ ಕಳಿಸ್ತೆ. ನೀನ್ ಇಲ್ಲೇ ಇರ್" ಎಂದ. ಆಮೇಲೆ ಅಳಗೆಯ ಕಡೆ ಕಣ್ಣು ಹಾಯಿಸಿದ. "ಹೊತ್ತ್ ಮೀರ್ತ್. ಬೆಳಿಗ್ಗಿಂದ ಹೊಟ್ಟಿಗೆ ಎಂತದೂ ಇಲ್ಲ."

"ಒಬ್ಳಿಗೇ ಮಾಡದ್ದ್, ಮಾವ" ಎಂದಳು ಕುಸುಮಾವತಿ.

ಅವನು ಕೊಡೆ ಊರಿಕೊಂಡು ಗದ್ದೆಯ ಅಂಚಿನಲ್ಲಿ ಹೋಗುವವರೆಗೂ ಅವಳು ನಿಂತೇ ಇದ್ದಳು. ಅದು ಚಂದಯ್ಯನ ಕೊಡೆ ಎಂದು ಅವನಿಗೆ ಗೊತ್ತಾಗಿರಲಿಲ್ಲ.

ಮಣ್ಣಾದ ಎಲೆಯನ್ನು ಮಡಚಿ ಹಿತ್ತಿಲಿಗೆ ಎಸೆದು ಅವಳು ಇನ್ನೊಂದು ಕುಡಿ ಕೊಯ್ದಳು. ಗೋಡೆಗೆ ಬೆನ್ನು ಕೊಟ್ಟು ಕುಳಿತಾಗ ಪಕ್ಕೆಯಲ್ಲಿ ಚುಚ್ಚಿತು. ಬೇಬಿ ಅರಿಶಿನ ತೇದು ತಂದು ತುಟಿಗೆ ಹಚ್ಚಲು ಬಂದರೆ, "ಉಂಡ್ ಆದ್ಮೇಲೆ" ಎಂದಳು. ಬಾಯಿಯ ತುಂಬ ರಕ್ತದ ಉಪ್ಪೇ ಇತ್ತು. ಸಾರಿನದು ಏನೆಂದು ತಿಳಿಯುತ್ತಿರಲಿಲ್ಲ.

"ಬೇಬಿ, ಉಪ್ಪ್ ಹ್ಯಾಂಗಿತ್ತ್ ಕಾಣ್."

ಬೇಬಿ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದಳು. ಸುಳ್ಳು ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆದಳು.

"ಚೂರ್ ಕಮ್ಮಿ ಆಯ್ತ್ ಅಮ್ಮ."

ಕುಸುಮಾವತಿ ಬಾಗಿಲ ಪಕ್ಕದ ಉಪ್ಪಿನ ಮರಿಗೆಗೆ ಕೈ ಚಾಚಿ ಎರಡು ಹರಳು ತೆಗೆದು, ಸಾರಿಗೆ ಹಾಕಿ ಕಲಕಿದಳು. ಆಮೇಲೆ ಉಣ್ಣತೊಡಗಿದಳು.