ಕೂಡ್ಲಿ ದಾಟಿ ಬಂದ ಮೋಟಾರು ದೋಣಿ

೧೯೬೧ರ ಜನವರಿಯಲ್ಲಿ ಅಂಬಿಗ ಹೊನ್ನಯ್ಯ ಭದ್ರಾವತಿಯಲ್ಲಿ ಮೋಟಾರು ದೋಣಿಯೊಂದನ್ನು ಕೊಂಡು, ಹೆಂಡತಿ ಪುಟ್ಟಲಕ್ಷ್ಮಿಯೊಂದಿಗೆ ಹೊಳೆಯಲ್ಲೇ ಊರಿಗೆ ಹೊರಟ. ಭದ್ರೆಯಲ್ಲಿ ಕೂಡ್ಲಿಯವರೆಗೆ ಇಳಿದು, ಅಲ್ಲಿಂದ ತುಂಗೆಯಲ್ಲಿ ಶಿವಮೊಗ್ಗದ ಕಡೆಗೆ ಏರಿ ಬರಬೇಕಿತ್ತು. ಹಿಂದಿನ ಮಳೆಗಾಲದಲ್ಲಿ ಊರ ಕಡವಿನಲ್ಲಿ ಜನರನ್ನು ದಾಟಿಸುವಾಗ ಅವನ ಹರಿಗೋಲು ಮಗುಚಿ, ಒಬ್ಬಳೇ ಮಗಳು ಗೌರಿ ಕೊಚ್ಚಿಹೋಗಿದ್ದಳು.

ಕೂಡ್ಲಿ ದಾಟಿ ಸ್ವಲ್ಪ ದೂರ ಬಂದ ಮೇಲೆ ಹೊನ್ನಯ್ಯ ಮೋಟಾರು ನಿಲ್ಲಿಸಿದ.

“ಯಾಕ್ರೀ, ಕೆಟ್ಟೋಯ್ತಾ?” ಎಂದಳು ಪುಟ್ಟಲಕ್ಷ್ಮಿ.

“ಇಲ್ಲ ಕಣೆ. ಹುಡುಕ್ಕೊಂಡು ಬಂದಾಗ ಗೌರಿ ಹೆಣ ನಮಗೆ ಸಿಕ್ಕಿದ್ದು ಇಲ್ಲೇ. ನಿಂಗೆ ಹೇಳೋಕೆ ಇಷ್ಟು ದಿನ ಬಾಯಿ ಬರ್ಲಿಲ್ಲ.”

ಅವಳು ಬಗ್ಗಿ ನೀರಿಗೆ ಕೈ ಇಳಿಬಿಟ್ಟಳು. “ಇಷ್ಟು ದೂರ ಒಬ್ಳೇ ಬಂದ್ಬಿಟ್ಲಾ?”

ಹೊನ್ನಯ್ಯ ಮುಖ ಮುಚ್ಚಿಕೊಂಡು ಅತ್ತ. ದೋಣಿ ಮೆಲ್ಲಗೆ ಹಿಂದಕ್ಕೆ ಜಾರುತ್ತಿತ್ತು. ಬಹಳ ಹೊತ್ತಾದ ಮೇಲೆ ಪುಟ್ಟಲಕ್ಷ್ಮಿ ಒದ್ದೆ ಕೈಯನ್ನು ಅವನ ಬೆನ್ನ ಮೇಲಿಟ್ಟಳು.

“ನಡೀರಿ. ಊರಲ್ಲಿ ಆಚೆ ದಡದೋರು ದೋಣಿಗೆ ಕಾಯ್ತಿರ್ತಾರೆ.”