ಬ್ಯಾಟರಿ ಬಂಡಿಯ ದಿಷ್ಟಿ

ಆದೋನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿಗೆ ಬ್ಯಾಟರಿ ಬಂಡಿ ಬಂದಾಗ ಪಕ್ಕದ ಮಿಲ್ಲಿನವರೂ ನೋಡಲು ಬಂದಿದ್ದರು. ಹೊಗೆಯಿಲ್ಲ, ಸದ್ದಿಲ್ಲ, ಎತ್ತಿನ ಹಾಗೆ ಸಗಣಿಯೂ ಇಲ್ಲ. ಹತ್ತಿಯ ರಾಶಿಗಳ ನಡುವೆ ಒತ್ತಿ ಕಟ್ಟಿದ ಬೇಲು ಹೊತ್ತು ತಿರುಗುವ ತಗಡಿನ ಬಂಡಿ. ಅದನ್ನು ನಡೆಸುವ ಯರ್ರೆಪ್ಪನಿಗೆ ಕೊಂಬು ಮೂಡಿದ್ದೂ ಆಗಲೇ.

ಆ ಬಂಡಿ ದೀಪಾವಳಿ ಕಳೆದ ಮೇಲೆ ಕೈಕೊಡತೊಡಗಿತು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೂ ಬೆಳಿಗ್ಗೆ ಎರಡು ಸುತ್ತು ಹೋಗಿ ನಿಂತುಬಿಡುವುದು. ಯರ್ರೆಪ್ಪ ತಂತಿ ಬಿಗಿದ, ತಂತಿ ಸಿಕ್ಕಿಸುವ ಹಿತ್ತಾಳೆಯ ಬಿಲ್ಲೆಗಳ ಕಿಲುಬು ಉಜ್ಜಿದ, ಬ್ಯಾಟರಿಗೆ ನೀರು ತುಂಬಿದ. ಏನೂ ಸಾಗದಾಗ, ಕಂಡವರ ಕಣ್ಣು ತಾಗಿದೆ ಎಂದು ತೀರ್ಮಾನಿಸಿದ. ತೀರ್ಮಾನಕ್ಕೆ ಬರಲು ಅವನಿಗೆ ಯಾವತ್ತೂ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನವೂ ಬಂಡಿ ತೂಕದ ಕಟ್ಟೆಯ ಬಳಿ ನಿಂತಿತು. ಮಿಲ್ಲಿನ ಕರೆಂಟು ಕೆಲಸ ನೋಡುವ ಸೇತುಮಾಧವಾಚಾರ್ರು ಬಂದು ಬ್ಯಾಟರಿಯ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಒಳಗೆ ಇಣುಕಿದರು.

"ನೀರ ಇಲ್ಲಲೋ ಯರ್ರೆಪ್ಪ. ಯಾವಾಗ ಹಾಕಿದ್ದಿ?"

"ಮೊನ್ನೆ ಐತ್ವಾರ ತುಂಬ ಹಾಕೀನ್ರಿ, ಆಚಾರ್ರ."

ಆಚಾರ್ರು ಬ್ಯಾಟರಿಯ ಪಕ್ಕೆಗೆ ಅಂಗೈ ಒತ್ತಿದವರು ತಟ್ಟನೆ ಹಿಂದಕ್ಕೆಳೆದರು. ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ಚಾರ್ಜ್ ತುಂಬಿದ ಮ್ಯಾಲೆ ಆ ಮಷೀನು ತಾನ ಬಂದ್ ಆಗತೈತೇನು?"

"ಎಲ್ಲಿ ಬಂದ್ ಆಗತೈತ್ರಿ! ಮುಂಜಾನಿ ನಾ ಬರೋತನಕ ಗುಂಯ್ ಅಂತಿರತೈತಿ. ಭಾಳ ಗಟ್ಟಿ ಮಷೀನು," ಎಂದ ಯರ್ರೆಪ್ಪ, ತನ್ನ ಮಗನನ್ನೇ ಹೊಗಳುವವನಂತೆ.

ಆಚಾರ್ರು ನಗಲಿಲ್ಲ. "ಗಟ್ಟಿ ಅಲ್ಲಪಾ, ಅದು ಕೆಟ್ಟೈತಿ. ತುಂಬಿದ ಮ್ಯಾಲೂ ಬಿಡದ ಕುದಿಸಿ ಕುದಿಸಿ ಬ್ಯಾಟರಿನ ಕೊಂದೈತಿ. ಇನ್ನೊಂದು ಬ್ಯಾಟರಿ ಸೆಟ್ಟು ಎಲ್ಲೈತಿ?"

"ಶೆಡ್ಡಿನಾಗ್ರಿ. ನಿನ್ನೆ ಸಂಜೀಲಿಂದ ಚಾರ್ಜಿಗೆ ಐತಿ."

"ಹಂಗಾರ ಅದೂ ಕುದೀತಿರತೈತಿ. ಕುದ್ದರ ಗ್ಯಾಸು ಏಳತೈತಿ. ಬೆಂಕಿ ಸೋಕಿದರ ಶೆಡ್ಡು ಹಾರಿ ಹೋಗತೈತಿ. ಕಿಟಿಕಿ ತೆರದಾವಿಲ್ಲೋ?"

ಕಿಟಕಿಗಳಿಗೆ ಯರ್ರೆಪ್ಪನೇ ಗೋಣಿಚೀಲ ತುರುಕಿದ್ದ. ಹಾಳು ಗಾಳಿ ಹತ್ತಿಯ ತುಪ್ಪುಳವನ್ನೆಲ್ಲ ತಂದು ಬ್ಯಾಟರಿಗಳ ಮೇಲೆ ಸುರಿಯುತ್ತದೆಂದು ತಿಂಗಳಿಂದ ಅದನ್ನು ಬೈಯುತ್ತಲೇ ಇದ್ದ.

ಅಷ್ಟೇ ಆಗಿದ್ದರೆ ಅವನು ನಿಂತಲ್ಲೇ ತಪ್ಪೊಪ್ಪಿಕೊಳ್ಳುತ್ತಿದ್ದ. ಆದರೆ ಇವತ್ತು ಅಮಾವಾಸ್ಯೆ. ಅದೇ ಮಿಲ್ಲಿನಲ್ಲಿ ಹತ್ತಿ ಆರಿಸುವ ಅವನ ಹೆಂಡತಿ ಉರುಕುಂದಮ್ಮ, ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಬ್ಯಾಟರಿಗಳ ದಿಷ್ಟಿ ತೆಗೆಯಲು ಶೆಡ್ಡಿಗೆ ಹೋಗಿದ್ದಳು. ಬೂದುಗುಂಬಳಕ್ಕೆ ಕುಂಕುಮ ಬಳಿದು, ಮೇಲೆ ಕರ್ಪೂರ ಹಚ್ಚಿ, ಅವುಗಳ ಮುಂದೆ ನಿವಾಳಿಸಿ ಇಳಿ ತೆಗೆಯಬೇಕು. ಗೇಟಿನಲ್ಲಿ ಕಾವಲುಗಾರ ಬಜಾರಪ್ಪ ಎಲ್ಲರ ಸೊಂಟ ತಡವಿ ಬೆಂಕಿಪೊಟ್ಟಣ ಕಸಿದುಕೊಳ್ಳುತ್ತಾನೆ. ಅವನ ಕಣ್ಣು ತಪ್ಪಿಸಿ, ರುಮಾಲಿನ ಸುತ್ತಿನಲ್ಲಿ ಪೊಟ್ಟಣ ತಂದು ಹೆಂಡತಿಯ ಕೈಗಿಟ್ಟವನು ಯರ್ರೆಪ್ಪನೇ.

"ನನ್ನ ಹೇಣ್ತಿ ಅಲ್ಲೇ ಅದಾಳ್ರಿ, ಕರ್ಪೂರ ಹಚ್ಚಾಕ," ಎಂದ.

"ಮೇನ್ ಸ್ವಿಚ್ ನಾ ತೆಗೀತೀನಿ. ನೀ ಓಡು," ಎಂದು ಆಚಾರ್ರು ಪಂಚೆ ಎತ್ತಿಕಟ್ಟಿ ಇಂಜಿನ್ ಮನೆಯ ಕಡೆ ಓಡಿದರು.

ಯರ್ರೆಪ್ಪ ಓಡಿದ. ಶೆಡ್ಡು ಬೆಂಕಿಯ ಭಯಕ್ಕೆಂದೇ ಹತ್ತಿಯಿಂದ ದೂರ, ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಆ ದೂರ ಇವತ್ತು ಅವನ ಶತ್ರುವಾಯಿತು. ಕಾಲು ಹತ್ತಿಯಲ್ಲಿ ಹೂತು ಮುಗ್ಗರಿಸಿದ, ಎದ್ದ. ಕೂಗಿದರೆ ಆ ದೂರಕ್ಕೆ ಕೇಳುವಂತಿರಲಿಲ್ಲ. ಕಿವಿ ಮಾತ್ರ ಮುಂದೆ ಕೇಳಲಿರುವ ಸದ್ದಿಗೆ ಕಾಯುತ್ತಿತ್ತು. ದೇವರೇ, ಅವಳೊಬ್ಬಳನ್ನು ಉಳಿಸು, ಕೆಲಸ ಹೋದರೂ ಸರಿ, ಬಂಡಿ ಸುಟ್ಟರೂ ಸರಿ ಎಂದು ಉರುಕುಂದಿ ಈರಣ್ಣನಿಗೆ ಮನಸ್ಸಿನಲ್ಲೇ ಅಡ್ಡಬಿದ್ದ.

ಮೂಲೆ ತಿರುಗಿದರೆ ಉರುಕುಂದಮ್ಮನ ಬೆನ್ನು ಕಂಡಿತು. ಎಡಗೈಯ ಕುಂಬಳದ ಮೇಲೆ ಕರ್ಪೂರ ಉರಿಯುತ್ತಿತ್ತು. ಸೆರಗನ್ನು ಅದಕ್ಕೆ ಮರೆ ಹಿಡಿದು, ಮೊಣಕೈಯಿಂದ ಬಾಗಿಲ ಅಗುಳಿ ಸರಿಸುತ್ತಿದ್ದಳು.

ಅವನು ಅವಳನ್ನು ಸೊಂಟ ಹಿಡಿದು ಎಳೆದು ಬಯಲಿಗೆ ಬಿದ್ದ. ಕುಂಬಳ ಒಡೆದು ಹೋಳಾಯಿತು. ಉರಿಯುತ್ತಿದ್ದ ಕರ್ಪೂರದ ಮೇಲೆ ಅಂಗೈ ಒತ್ತಿ ಹಿಡಿದ. ಸುಟ್ಟಿತು, ಬಿಡಲಿಲ್ಲ.

ಶೆಡ್ಡಿನೊಳಗಿನ ಗುಂಯ್ ಸದ್ದು ಆಮೇಲೆ ನಿಂತಿತು. ಆಚಾರ್ರು ಸ್ವಿಚ್ ತೆಗೆದಿದ್ದರು. ಯರ್ರೆಪ್ಪ ಹೊರಗಿನಿಂದಲೇ ಗೋಣಿಚೀಲಗಳನ್ನು ಕಿತ್ತ. ಒಳಗಿಂದ ಹೊರಟ ಘಾಟು ಮೂಗಿಗೆ ಬಡಿಯಿತು.

ಉರುಕುಂದಮ್ಮ ಧೂಳಿನಲ್ಲಿ ಕೂತೇ ಇದ್ದಳು. "ಹುಚ್ಚು ಹಿಡದೈತೇನು ನಿನಗ? ಇಳಿ ತೆಗಿಯೋಕಿಂತ ಮೊದಲ ಕಾಯಿ ಒಡದಿ. ಇನ್ನ ಮನಿಗೆ ಏನು ಕಾದೈತೋ," ಎಂದು ಅಳತೊಡಗಿದಳು.

ಯರ್ರೆಪ್ಪ ಕಿಟಕಿ ಬಿಟ್ಟು ಅವಳ ಬಳಿ ಬಂದ.

"ಮೊದಲ ಈ ಹಾಳ ಗಾಳಿ," ಎಂದಳು ಮೂಗು ಒರೆಸಿಕೊಂಡು. "ಗೀರಿದ ಕಡ್ಡೀನೆಲ್ಲಾ ಆರಿಸಿಬಿಡ್ತು. ಅದಿಲ್ಲಂದ್ರ ನೀ ಬರೋದರಾಗ ಒಳಗ ಹೋಗಿ ಎಲ್ಲಾ ಮುಗಿಸಿರ್ತಿದ್ದೆ."

ಅವಳ ಸುತ್ತ ಬಿದ್ದಿದ್ದ ಕಡ್ಡಿಗಳನ್ನು ಯರ್ರೆಪ್ಪ ನೋಡಿದ. ತುದಿಯಷ್ಟೇ ಕರಕಲಾದ, ಉರಿಯದೆ ಹೋದ ಕಡ್ಡಿಗಳು. ಗೋಣಿಚೀಲಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೆಂಡತಿಯ ಪಕ್ಕದಲ್ಲಿ ಕುಸಿದು ಕೂತು ಅತ್ತ. ಗಾಳಿ ಬೀಸುತ್ತಲೇ ಇತ್ತು. ಅದು ತಂದ ತುಪ್ಪುಳ ಅವನ ಒದ್ದೆ ಮುಖಕ್ಕೆ ಅಂಟಿತು. ಅವನು ಒರೆಸಿಕೊಳ್ಳಲಿಲ್ಲ.