ನೀರಮ್ಮ

"ಗಲ್ಲ ಸ್ವಲ್ಪ ಎತ್ತಿ, ಯಜಮಾನ್ರೇ," ಎಂದು ಕ್ಷೌರಿಕ ಮುದುಕರ ಕೆನ್ನೆಗೆ ನೊರೆ ಹಚ್ಚಿದ.

ಅವರ ಹೆಂಡತಿಯ ದೇಹ ಒಳಕೋಣೆಯಲ್ಲಿತ್ತು. ಆಕೆ ಹಾಸಿಗೆ ಹಿಡಿದಾಗಿನಿಂದ ಮುದುಕರು ಗಡ್ಡದ ಗೊಡವೆಗೇ ಹೋಗಿರಲಿಲ್ಲ. ಸುದ್ದಿ ಕೇಳಿ ಬಂದ ಕ್ಷೌರಿಕ, ಯಾರೂ ಹೇಳದಿದ್ದರೂ ಹಿತ್ತಿಲಲ್ಲಿ ಕುರ್ಚಿ ಹಾಕಿದ್ದ.

ಬಿಸಿನೀರು ತಂದ ಮಗಳು, ಕತ್ತಿ ಹಿಡಿದ ಕೈ ಸಣ್ಣಗೆ ನಡುಗುವುದನ್ನು ಕಂಡು ಅಲ್ಲೇ ನಿಂತಳು.

"ಹೆದರ್ಬೇಡಮ್ಮ, ಇದು ಮಾತ್ರೆ ನಡುಕ. ನಿಮ್ಮಪ್ಪಂಗೆ ಹಳೇ ಪರಿಚಯ."

"ಅಮ್ಮ ನರ್ಸಾಗಿದ್ದ ವಾರ್ಡಲ್ಲಿದ್ರಾ ನೀವು?"

"ಹೂಂ. ಅಲ್ಲಿ ಅವ್ರನ್ನ ಸಿಸ್ಟರ್ ಅಂತ ಯಾರು ಕರೀತಿದ್ರು? ನೀರಮ್ಮ! ಕಣ್ಣಿಗೆ ಬಿದ್ರೆ ಸಾಕು, 'ನೀರು ಕುಡಿದ್ರಾ? ಊಟದಲ್ಲಿ ಉಪ್ಪು ಬಿಟ್ಟಿಲ್ಲ ತಾನೆ?' ಆ ಮಾತ್ರೆ ತಗೊಳ್ಳೋರಿಗೆ ಎರಡೂ ಕಮ್ಮಿಯಾಗ್ಬಾರ್ದಂತೆ. ಹೇಗಿದೀಯಾ ಅನ್ನೋದೆಲ್ಲ ಆಮೇಲೆ."

ಮಗಳು ನಕ್ಕಳು. "ಮನೇಲೂ ಅದೇ ಕಾಟ."

*

ಆಗ ಕ್ಷೌರಿಕನಿಗೆ ಮದುವೆಯಾದ ಹೊಸತು. ಮನಸ್ಸಿನ ಏರಿಳಿತ ತಡೆಯುವ ಮಾತ್ರೆಯಿಂದ ಕೈ ನಡುಗುತ್ತಿತ್ತು. ಗಿರಾಕಿಗಳು ಅರ್ಧ ಕ್ಷೌರಕ್ಕೇ ಎದ್ದು ಹೋಗುತ್ತಿದ್ದರು. ಹೊಟ್ಟೆಪಾಡು ಕೆಡುತ್ತದೆಂದು ಯಾರಿಗೂ ಹೇಳದೆ ಮಾತ್ರೆ ಬಿಟ್ಟ. ಕೈ ನಿಂತಿತು, ತಲೆ ನಿಲ್ಲಲಿಲ್ಲ. ನಿದ್ದೆಗೆಟ್ಟು, ಹಾಡುತ್ತಾ, ಅಂಗಡಿಯ ಕನ್ನಡಿಗಳನ್ನೆಲ್ಲ ಕಳಚಿ ದಾರಿಹೋಕರಿಗೆ ಹಂಚಿಬಿಟ್ಟ. ಮತ್ತೆ ವಾರ್ಡು ಸೇರಿದ.

ನೀರಮ್ಮ ಬೈಯಲಿಲ್ಲ. "ಕೈ ನಡುಗತ್ತೆ ಅಂತ ನನ್ಹತ್ರ ಯಾಕೆ ಹೇಳ್ಲಿಲ್ಲ?" ಎಂದರು, ಅಷ್ಟೆ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ ಬೆನ್ನುಬಿದ್ದು ಮಾತ್ರೆಯ ಪ್ರಮಾಣ ಕಡಿಮೆ ಮಾಡಿಸಿದರು. ನಡುಕ ಇಳಿಯಿತು, ಪೂರ್ತಿ ಹೋಗಲಿಲ್ಲ. ಹೊಸ ಕನ್ನಡಿ ಹಾಕಿ ಅಂಗಡಿ ತೆರೆದರೂ ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ.

ಒಂದು ಭಾನುವಾರ ನೀರಮ್ಮ ತಮ್ಮ ಗಂಡನನ್ನು ದರದರ ಎಳೆದು ತಂದು ಕುರ್ಚಿಯಲ್ಲಿ ಕೂರಿಸಿದರು. "ಬಾಗ್ಲು ತೆಗೆದೇ ಇರ್ಲಿ. ನೋಡೋರು ನೋಡ್ಲಿ."

"ಕುಯ್ದ್ರೆ?" ಎಂದು ಗಂಡ ಪಿಸುಗುಟ್ಟಿದರು.

"ಹೊಲಿಯೋಕೆ ನಾನಿದೀನಲ್ಲ, ಸುಮ್ನೆ ಕೂತ್ಕೊಳ್ಳಿ."

*

"ಕುಯ್ದೇಬಿಟ್ಟೆ ಕಣಮ್ಮ, ಕಿವಿ ಕೆಳಗೆ," ಎಂದ ಕ್ಷೌರಿಕ. "ಯಜಮಾನ್ರು ಅಂಗೈಲಿ ಮುಚ್ಕೊಂಡು, ಬೀದಿಗೆಲ್ಲ ಕೇಳೋ ಹಾಗೆ 'ಭೇಷಾಗಿದೆ' ಅಂದ್ರು. ಆವತ್ತಿಂದ ಜನ ಬಂದ್ರು. ನಾನೂ ಮಾತ್ರೆ ಬಿಟ್ಟಿಲ್ಲ."

ಮುದುಕರು ನೊರೆ ಮೆತ್ತಿದ ಮುಖ ಅವನತ್ತ ತಿರುಗಿಸಿದರು. "ಭೇಷು ಅಂದಿದ್ದು ಸುಮ್ನೆ ಅಲ್ಲ ಕಣೋ. ಅವಳು ನನ್ನ ಕಾಲು ತುಳೀತಿದ್ಲು."

ಮೂವರೂ ನಕ್ಕರು. ಮುದುಕರ ಭುಜ ಅಲುಗುವುದು ಮಾತ್ರ ನಿಲ್ಲಲಿಲ್ಲ. ಕ್ಷೌರಿಕ ಕತ್ತಿ ಮೇಲೆತ್ತಿ, ಅದು ನಿಲ್ಲುವವರೆಗೂ ಕಾದ.

"ಹೊರಡೋ ಹೊತ್ತಾಯ್ತು," ಎಂದು ಯಾರೋ ಕರೆದರು.

ಮುದುಕರು ಮುಖ ಒರೆಸಿಕೊಂಡು ಒಳಗೆ ಹೋದರು. ಹೆಂಡತಿಯ ಪಕ್ಕ ಕೂತು, ಹೊದಿಕೆಯ ಅಡಿಯಿಂದ ಆಕೆಯ ಕೈ ಹೊರತೆಗೆದು, ಆ ತಣ್ಣನೆಯ ಅಂಗೈಯನ್ನು ತಮ್ಮ ನುಣುಪು ಕೆನ್ನೆಗೆ ಒತ್ತಿಕೊಂಡರು. ಚಟ್ಟ ಹೊರಲು ಬಂದವರು ಹೊಸ್ತಿಲಲ್ಲೇ ನಿಂತರು.